ಪುಟಾಣಿಯನ್ನು ಯಾರೂ ಕರೆಯಬಾರದು

ಕೊಂಡಾಪುರ, ಹೈದರಾಬಾದ್
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಮಗಳು ರೇಣುಕಾಗೆ,

ಹೇಗಿದ್ದೀ ತಾಯಿ? ಹೋದ ಸಲ ಫೋನಿನಲ್ಲಿ ಮಾತಾಡುವಾಗ ಕೆಮ್ಮುತ್ತಿದ್ದೆ, ಈಗ ಕಡಿಮೆಯಾಯಿತೇ? ಶಹಾಪುರದಲ್ಲಿ ಚಳಿ ಶುರುವಾಗಿರಬೇಕು. ಬೆಳಗಿನ ಟ್ಯೂಷನ್ನಿಗೆ ಹೋಗುವಾಗ ಕಿವಿಗೆ ಏನಾದರೂ ಕಟ್ಟಿಕೋ. ಕಟ್ಟಿಕೊಂಡರೆ ಜಡೆ ಕೆಡುತ್ತದೆ ಎಂಬ ನಿನ್ನ ವಾದ ನನಗೆ ಗೊತ್ತು, ಆದರೂ ಕಟ್ಟಿಕೋ. ಅತ್ತೆಯ ಮಂಡಿನೋವು ಹೇಗಿದೆ? ನೀರಿನ ಕೊಡ ಅವಳ ಕೈಯಲ್ಲಿ ಹೊರಿಸಬೇಡ, ನೀನೇ ತಾ. ಮಾವನಿಗೆ ನನ್ನ ನಮಸ್ಕಾರ ಹೇಳು. ನಾನು ಆರಾಮವಾಗಿದ್ದೇನೆ. ಗೇಟಿನ ಬಳಿ ನಿಂತು ನಿಂತು ಸಂಜೆಗೆ ಕಾಲು ಸ್ವಲ್ಪ ಊದುತ್ತದೆ, ಅಷ್ಟೆ. ವಾಚ್‌ಮ್ಯಾನ್ ಕೆಲಸದಲ್ಲಿ ಎಲ್ಲರಿಗೂ ಇರುವ ತೊಂದರೆ ಅದು.

ಈ ಕಾಲದಲ್ಲಿ ಯಾರು ಪತ್ರ ಬರೆಯುತ್ತಾರೆ ಎಂದು ನಗುತ್ತಿರಬಹುದು. ಎಸ್ಸೆಸ್ಸೆಲ್ಸಿಯಲ್ಲಿ ನಿಮ್ಮ ಅಪ್ಪ ಕನ್ನಡದಲ್ಲಿ ಶಾಲೆಗೇ ಮೊದಲು ಬಂದವನು ಎಂಬುದನ್ನು ಮರೆಯಬೇಡ. ಗಣಿತದ ವಿಷಯ ಮಾತ್ರ ಕೇಳಬೇಡ. ಮಾವನ ಮೊಬೈಲಿಗೆ ಫೋನು ಮಾಡಿದರೆ ಅವರು ಸ್ಪೀಕರ್ ಹಾಕುತ್ತಾರೆ. ಎಲ್ಲರೂ ಸುತ್ತ ಕೂತಿರುತ್ತೀರಿ. ಊಟ ಆಯಿತೇ ಎಂದು ನಾನು ಕೇಳುತ್ತೇನೆ, ಆಯಿತು ಎಂದು ನೀನು ಹೇಳುತ್ತೀ, ಅಲ್ಲಿಗೆ ಮುಗಿಯಿತು. ಈಗ ಅಷ್ಟರಲ್ಲಿ ಮುಗಿಯುವುದಿಲ್ಲ. ಮಾವ ಕಳಿಸಿದ ಕಾಗದ ನನ್ನ ಕೈಗೆ ಬಂದು ಇಪ್ಪತ್ತು ದಿನವಾಯಿತು. ಅತ್ತೆ, ಮಾವ ನಿನ್ನನ್ನು ಕಾನೂನಿನ ಪ್ರಕಾರ ದತ್ತು ತೆಗೆದುಕೊಳ್ಳುವ ಕಾಗದ. ಹದಿನೈದು ತುಂಬುವುದರೊಳಗೆ ಆಗಬೇಕಂತೆ, ನಿನಗೆ ಡಿಸೆಂಬರ್ ಇಪ್ಪತ್ತಕ್ಕೆ ತುಂಬುತ್ತದೆ. ಮುಂದಿನ ವರ್ಷ ನೀನು ಎಸ್ಸೆಸ್ಸೆಲ್ಸಿ. ಅಂಕಪಟ್ಟಿಯಲ್ಲಿ ತಂದೆತಾಯಿಯ ಹೆಸರು ಒಮ್ಮೆ ಬಿದ್ದರೆ ಜೀವನಪೂರ್ತಿ ಅದೇ. ಹನ್ನೆರಡು ವರ್ಷ ಸಾಕಿದವರು ಅಲ್ಲಿ ತಮ್ಮ ಹೆಸರಿರಲಿ ಎಂದು ಬಯಸುವುದರಲ್ಲಿ ಏನು ತಪ್ಪು? ನನ್ನ ಸಹಿಗೆ ಕೆಳಗೆ ಜಾಗ ಬಿಟ್ಟಿದ್ದಾರೆ. ಡಿಸೆಂಬರ್ ಒಂಬತ್ತಕ್ಕೆ ಶಹಾಪುರದ ನೋಂದಣಿ ಕಚೇರಿಗೆ ಬರಬೇಕಂತೆ. ಕಾಗದವನ್ನು ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ದಿನಕ್ಕೆ ಎರಡು ಸಲ ಚಹಾ ಮಾಡುವಾಗ ಕಾಣಿಸುತ್ತದೆ.

ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಪುಟಾಣಿಯ ಸುದ್ದಿ ಹೇಳಬೇಕು. ಫೋಟೋ ನೋಡಿ "ಅಪ್ಪಾ, ಇದರದೊಂದು ಕಣ್ಣು ಬೆಳ್ಳಗೈತಲ್ಲೋ" ಎಂದು ಮರುಗಿದ್ದೆಯಲ್ಲ, ಅದೇ ಪುಟಾಣಿ. ಅವಳು ಹೋದ ಭಾನುವಾರ ಉಪ್ಪಲ್‌ನಲ್ಲಿ ಒಂದು ಮನೆ ಸೇರಿದಳು.

ಈ ನಾಯಿಗಳ ಕಥೆಯನ್ನು ನಿನಗೆ ಪೂರ್ತಿ ಹೇಳಿಯೇ ಇಲ್ಲ. ಎರಡು ವರ್ಷದ ಹಿಂದೆ ನಮ್ಮ ಅಪಾರ್ಟ್‌ಮೆಂಟಿನ ಬಾಡಿಗೆಯವರೊಬ್ಬರು ಬೇರೆ ಊರಿಗೆ ವರ್ಗವಾಗಿ ಹೋದರು. ಸೋಫಾ, ಫ್ರಿಜ್ಜು, ಕುಂಡದ ತುಳಸಿ, ಎಲ್ಲ ಲಾರಿ ಹತ್ತಿತು. ಮರುದಿನ ನೋಡಿದರೆ ನೆಲದಡಿಯ ಸೆಲ್ಲಾರಿನಲ್ಲಿ, ನನ್ನ ಕೋಣೆಯ ಎದುರಿನ ನೀರಿನ ಪೈಪಿಗೆ ತಮ್ಮ ಬಿಳಿ ನಾಯಿಯನ್ನು ಕಟ್ಟಿಹಾಕಿ ಹೋಗಿದ್ದರು. ಅಂಗೈಯಗಲದ ನಾಯಿ, ಅದರ ಜಾತಿಯ ಹೆಸರು ಹೇಳಿದರೆ ಸೀನಿದ ಹಾಗೆ ಕೇಳಿಸುತ್ತದೆ. ಪಕ್ಕದಲ್ಲಿ ಅದರ ತಟ್ಟೆ, ಒಂದು ಚೀಲ ತಿನಿಸು. ಲಾರಿ ಹೋದ ದಿಕ್ಕಿಗೇ ಮುಖ ಮಾಡಿ ಕೂತಿತ್ತು. ನನಗೆ ಬಂದ ಸಿಟ್ಟಿಗೆ ಆ ಮನುಷ್ಯ ಕೈಗೆ ಸಿಕ್ಕಿದ್ದರೆ ಗೇಟಿಗೇ ಕಟ್ಟಿಹಾಕುತ್ತಿದ್ದೆ. ಆಗ ಬಂದವರು ನಾಲ್ಕನೆಯ ಮಹಡಿಯ ಸುಹಾಸಿನಿ ಮೇಡಂ. ಧಾರವಾಡದ ಕಡೆಯವರು, ಇಲ್ಲಿ ಕಂಪನಿಯಲ್ಲಿ ಕೆಲಸ. ಹೀಗೆ ಬಿಟ್ಟುಹೋದ ಸಣ್ಣ ನಾಯಿಗಳಿಗೆ ಮನೆ ಹುಡುಕುವುದು ಅವರ ರಜಾದಿನದ ಕೆಲಸ. ದೊಡ್ಡ ನಾಯಿಯಾದರೆ ಬೀದಿಯಲ್ಲಿ ಹೇಗೋ ಬದುಕುತ್ತದೆ, ಮಡಿಲಲ್ಲಿ ಬೆಳೆದ ಈ ಪುಟ್ಟವು ಎರಡು ದಿನ ಬಾಳುವುದಿಲ್ಲ ಎಂದರು. ಅಂದಿನಿಂದ ಮನೆ ಸಿಗುವವರೆಗೆ ಅವು ನನ್ನ ಕೋಣೆಯಲ್ಲಿ, ಭಾನುವಾರ ನಾನು ಮೇಡಂ ಜೊತೆ ಮನೆ ನೋಡಲು. ಇದುವರೆಗೆ ಹನ್ನೊಂದು ನಾಯಿಗಳನ್ನು ದಾಟಿಸಿದ್ದೇವೆ.

ಮನೆ ನೋಡುವುದೆಂದರೆ ಹೆಣ್ಣು ಕೊಡುವವರಿಗಿಂತ ಹೆಚ್ಚು ವಿಚಾರಣೆ. ಸ್ವಂತ ಮನೆಯೋ ಬಾಡಿಗೆಯೋ, ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ, ಊರಿಗೆ ಹೋದರೆ ಯಾರ ಹತ್ತಿರ ಬಿಡುತ್ತೀರಿ, ಮುದಿಯಾದರೆ ಏನು ಮಾಡುತ್ತೀರಿ. ನಾನು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಮೊದಲ ಸಲವೇ ನನಗೆ ನಿನ್ನ ನೆನಪಾಯಿತು. ನಿನ್ನನ್ನು ನಾಯಿಗೆ ಹೋಲಿಸುತ್ತಿದ್ದೇನೆ ಎಂದು ಸಿಟ್ಟಾಗಬೇಡ ತಾಯಿ. ಒಂದು ನಾಯಿಗಾಗಿ ಕೇಳುವ ಇಷ್ಟು ಪ್ರಶ್ನೆಗಳಲ್ಲಿ ಒಂದನ್ನೂ ನಾನು ನಿನಗಾಗಿ ಕೇಳಿರಲಿಲ್ಲವಲ್ಲ, ಅದು ನನ್ನ ಸಂಕಟ. ನಿನ್ನ ಅವ್ವ ಜ್ವರದಲ್ಲಿ ತೀರಿಕೊಂಡಾಗ ನಿನಗೆ ಎರಡು ವರ್ಷ. ನಾನು ಇದೇ ಕೊಂಡಾಪುರದಲ್ಲಿ ಕಟ್ಟಡದ ಕೆಲಸಕ್ಕಿದ್ದೆ, ವಾಸಕ್ಕೆ ತಗಡಿನ ಶೆಡ್ಡು. ಕಾಂಕ್ರೀಟು ಹಾಕುವ ದಿನ ನಿನ್ನನ್ನು ಮರಳಿನ ರಾಶಿಯ ಮೇಲೆ ಕೂರಿಸಿ ಹೋಗುತ್ತಿದ್ದೆ. ಒಂದು ದಿನ ನೀನು ಸುಣ್ಣದ ತೊಟ್ಟಿಯ ಅಂಚಿಗೆ ಹೋಗಿ ನಿಂತಿದ್ದೆ. ಅದೇ ವಾರ ನಿನ್ನನ್ನು ಎತ್ತಿಕೊಂಡು ಶಹಾಪುರದ ಬಸ್ಸು ಹತ್ತಿದೆ. ಜೊತೆಗೆ ಕೊಡಲು ನನ್ನ ಬಳಿ ಇದ್ದದ್ದು ನಿನ್ನ ಅವ್ವನ ಹಳೆಯ ಸೀರೆಗಳಿಂದ ಹೊಲಿದ, ಹೊದೆಯುವ ಕೌದಿ ಒಂದೇ. ಈಗ ಪ್ರತಿ ನಾಯಿಯ ಜೊತೆ ನನ್ನ ಹಳೆಯ ಅಂಗಿಯ ತುಂಡು ಕಳಿಸುತ್ತೇವೆ, ವಾಸನೆಗೆ ಅದು ಹೊಸ ಜಾಗದಲ್ಲಿ ನಿದ್ದೆ ಮಾಡುತ್ತದಂತೆ. ಮೇಡಂ ಇದನ್ನು ಹೇಳಿಕೊಟ್ಟಾಗ ನನಗೆ ಹೊಸದೆನಿಸಲಿಲ್ಲ.

ಕೊಟ್ಟ ಮೇಲೆ ಮೂರು ತಿಂಗಳು ನಾವು ನೋಡಲು ಹೋಗಬಾರದು ಎಂಬುದು ಮೇಡಂ ಮಾಡಿದ ಇನ್ನೊಂದು ನಿಯಮ. ಅದನ್ನು ನಾನು ಒಮ್ಮೆ ಮುರಿದೆ. ಆ ಮೊದಲ ಬಿಳಿ ನಾಯಿಯನ್ನು ಬೇಗಂ ಬಜಾರಿನ ಪಾತ್ರೆ ವ್ಯಾಪಾರಿಯ ಮನೆಗೆ ಕೊಟ್ಟಿದ್ದೆವು, ಕೆಳಗೆ ಅಂಗಡಿ, ಮೇಲೆ ಮನೆ. ಅಪಾರ್ಟ್‌ಮೆಂಟಿಗೆ ಬಕೆಟ್ಟು ತರಲು ಹೋದವನು ಸುಮ್ಮನೆ ಬರಬಾರದೇ? ಮೆಟ್ಟಿಲು ಹತ್ತಿದೆ. ಅದು ನನ್ನನ್ನು ಕಂಡು ಮೈಮೇಲೆ ಹಾರಿ, ಸುತ್ತಿ, ಉಚ್ಚೆ ಹೊಯ್ದುಕೊಂಡಿತು. ಅರ್ಧ ಗಂಟೆ ಕೂತು, ಚಹಾ ಕುಡಿದು ಖುಷಿಯಾಗಿ ಬಂದೆ. ಆಮೇಲೆ ಅದು ನಾಲ್ಕು ದಿನ ಅನ್ನ ಮುಟ್ಟದೆ ಬಾಗಿಲಲ್ಲೇ ಮಲಗಿತ್ತಂತೆ. ಮೇಡಂ ನನ್ನನ್ನು ಚೆನ್ನಾಗಿಯೇ ಬೈದರು. "ನೀವು ನಿಮ್ಮ ಸಮಾಧಾನಕ್ಕ ಹೋದ್ರಿ ಹುಲಗೇಶಣ್ಣ, ಅದರ ಸಮಾಧಾನ ಕೆಡಿಸಿ ಬಂದ್ರಿ" ಎಂದರು. ಆಗ ನನ್ನ ಅಕ್ಕನ, ಅಂದರೆ ನಿನ್ನ ಅತ್ತೆಯ ಮಾತು ನೆನಪಾಯಿತು. ನೀನು ಚಿಕ್ಕವಳಿದ್ದಾಗ ನಾನು ತಿಂಗಳಿಗೊಮ್ಮೆ ಓಡಿ ಬರುತ್ತಿದ್ದೆ. "ಪದೇ ಪದೇ ಬರಬ್ಯಾಡೋ ತಮ್ಮಾ, ನೀ ಹೋದ ಮ್ಯಾಲ ಕೂಸು ನಾಕು ದಿನ ಉಣ್ಣಂಗಿಲ್ಲ" ಎಂದಿದ್ದಳು. ನನ್ನ ಮಗಳನ್ನು ನನ್ನಿಂದ ದೂರ ಮಾಡುತ್ತಿದ್ದಾಳೆ ಎಂದು ಎಷ್ಟೋ ವರ್ಷ ಅಕ್ಕನ ಮೇಲೆ ಹಲ್ಲು ಕಡಿದೆ. ಅವಳದು ತಪ್ಪಲ್ಲ. ಈ ಮಾತನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ, ಹೇಳಬೇಕು.

ಪುಟಾಣಿ ಸಿಕ್ಕಿದ್ದು ಮಾರ್ಚ್‌ನಲ್ಲಿ, ಹಿಂದಿನ ಚರಂಡಿಯಲ್ಲಿ. ಹುರಿಗಡಲೆಯ ಬಣ್ಣದ ಹೆಣ್ಣು ನಾಯಿ, ವಯಸ್ಸಾಗಿದೆ, ಒಂದು ಕಣ್ಣು ಹೋಗಿದೆ. ಫೋಟೋ ನೋಡಿದವರೆಲ್ಲ ಅಯ್ಯೋ ಪಾಪ ಎಂದರು, ಯಾರೂ ಬರಲಿಲ್ಲ. ಎಂಟು ತಿಂಗಳು ನನ್ನ ಜೊತೆಗೇ ಇದ್ದಳು. ನಾನು ಗೇಟಿಗೆ ಹೋದರೆ ಅವಳೂ ಗೇಟಿಗೆ, ಮೋಟಾರು ಹಾಕಲು ಹೋದರೆ ಅಲ್ಲಿಗೂ. ಕಾಣದ ಕಣ್ಣಿನ ಬದಿಯನ್ನು ನನ್ನ ಕಾಲಿಗೆ ಒರಗಿಸಿಕೊಂಡೇ ನಡೆಯುವಳು. ನಾನೇ ಇಟ್ಟುಕೊಳ್ಳುತ್ತೇನೆ ಎಂದು ಮೇಡಂಗೆ ಹೇಳಿ, ಅವರ ಪ್ರಶ್ನೆಪತ್ರ ತುಂಬಲು ಕೂತೆ. ಸ್ವಂತ ಮನೆಯೇ? ಇಲ್ಲ. ಮನೆ ಮಾಲೀಕರ ಒಪ್ಪಿಗೆ ಇದೆಯೇ? ಇಲ್ಲ, ತಿಂಗಳ ಕೊನೆಯೊಳಗೆ ನಾಯಿಯನ್ನು ಸಾಗಿಸು ಎಂದು ಅಸೋಸಿಯೇಷನ್ನಿನ ಸೆಕ್ರೆಟರಿ ಎರಡು ಸಲ ಹೇಳಿದ್ದರು. ಗಾಳಿ ಬೆಳಕು? ಸೆಲ್ಲಾರಿಗೆ ಕಿಟಕಿ ಎಲ್ಲಿಂದ ಬರಬೇಕು! ಇನ್ನೊಬ್ಬರ ಮನೆಗೆ ಹೋಗಿ ಮೂಗು ಮುರಿದು ಬರುತ್ತಿದ್ದ ನಾನು ನನ್ನ ಪರೀಕ್ಷೆಯಲ್ಲಿ ನಾನೇ ನಪಾಸಾದೆ.

ಅಷ್ಟರಲ್ಲಿ ಉಪ್ಪಲ್‌ನ ಅನುರಾಧಮ್ಮ ಫೋನು ಮಾಡಿದರು. ಶಾಲೆಯ ಟೀಚರಾಗಿ ನಿವೃತ್ತರಾದವರು, ಒಂಟಿ, ಮನೆಗೆ ಹಿತ್ತಲಿದೆ, ಬಿಸಿಲು ಬೀಳುತ್ತದೆ. ಮುದಿ ನಾಯಿಯೇ ಬೇಕು ಎಂದರು. ಕೊನೆಯ ಪರೀಕ್ಷೆಯೊಂದಿದೆ, ಅದರಿಂದ ಮೇಡಂ ಯಾರನ್ನೂ ಬಿಡುವುದಿಲ್ಲ. ಎಲ್ಲರೂ ನೆಲದ ಮೇಲೆ ಕೂರಬೇಕು, ನಾಯಿಯನ್ನು ನಡುವೆ ಬಿಡಬೇಕು. ಯಾರೂ ಕರೆಯಬಾರದು, ಬಿಸ್ಕತ್ತು ತೋರಿಸಬಾರದು, ಅದರ ಕಣ್ಣನ್ನು ನೋಡಬಾರದು. ತಲೆ ಬಗ್ಗಿಸಿ ಕಾಯಬೇಕು. "ಕರದ್ರ ಎಲ್ಲಾ ನಾಯಿನೂ ಬರತಾವ ಅಣ್ಣ. ಕರೀಲಾರದ ಬಂದ್ರ ಅದು ಬಂದಂಗ" ಎನ್ನುತ್ತಾರೆ ಮೇಡಂ. ಈ ಸಲ ಉಪ್ಪಲ್‌ನ ಆ ಮನೆಯಲ್ಲಿ ನನ್ನನ್ನೂ ಕೂರಿಸಿದರು. ಪುಟಾಣಿ ನನ್ನ ಹತ್ತಿರವೇ ಬಂದರೆ ಸೆಕ್ರೆಟರಿಯ ಜೊತೆ ತಾವೇ ಜಗಳಕ್ಕೆ ನಿಲ್ಲುವುದಾಗಿ ಮಾತು ಕೊಟ್ಟರು. ಇಪ್ಪತ್ತು ನಿಮಿಷ ಕೂತೆವು. ಪುಟಾಣಿ ಹೋಗಿ ಅನುರಾಧಮ್ಮನ ಸೆರಗಿನ ಮೇಲೆ ಮುದುಡಿಕೊಂಡಳು. ಆಕೆ ಕಣ್ಣೊರೆಸಿಕೊಂಡರು. ನಾನೂ ಚಪ್ಪಾಳೆ ತಟ್ಟಿದೆ. ಒಳ್ಳೆಯ ಮನೆ, ಒಳ್ಳೆಯ ಹೆಂಗಸು. ನನಗೆ ಸಂತೋಷವಾಗಿದೆ.

ಹೋದ ಯುಗಾದಿಗೆ ನಾನು ಬಂದಾಗ ನೀನು ಹಿತ್ತಲಿನಿಂದ "ಅವ್ವಾ" ಎಂದು ಕೂಗುತ್ತಾ ಓಡಿಬಂದೆ. ಪಡಸಾಲೆಯಲ್ಲಿ ನನ್ನನ್ನು ಕಂಡವಳೇ "ಅತ್ತಿ" ಎಂದು ಬದಲಿಸಿದೆ. ನನಗೆ ನೋವಾಗಬಾರದೆಂದು ಹಾಗೆ ಮಾಡಿದೆ, ತಿಳಿಯಿತು. ಇನ್ನು ಮೇಲೆ ನನ್ನೆದುರಿಗೂ ಅವಳನ್ನು ಅವ್ವ ಎಂದೇ ಕರೆ. ಅವಳು ಅದನ್ನು ದುಡಿದು ಸಂಪಾದಿಸಿದ್ದಾಳೆ. ಎಲ್ಲವನ್ನೂ ಯೋಚಿಸಿದ್ದೇನೆ. ಒಂಬತ್ತನೆಯ ತಾರೀಖು ಬರುತ್ತೇನೆ, ಸಹಿ ಮಾಡುತ್ತೇನೆ, ಸಂಜೆಯ ಬಸ್ಸಿಗೆ ಹೊರಡುತ್ತೇನೆ. ಆಮೇಲೆ ಮೂರು ತಿಂಗಳು ಬರದಿದ್ದರೆ ಅಪ್ಪ ಮರೆತ ಎಂದುಕೊಳ್ಳಬೇಡ. ಈ ಪತ್ರವನ್ನು ಮನೆಯ ವಿಳಾಸಕ್ಕೇ ಹಾಕುತ್ತಿದ್ದೇನೆ, ಕದ್ದು ಓದುವಂಥದ್ದು ಇದರಲ್ಲಿ ಏನೂ ಇಲ್ಲ. ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು, ನೂರು ವರ್ಷ ಬಾಳು. ಹುಲಿಗೆಮ್ಮ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಹುಲಗೇಶ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಮನಸ್ಸು ತಡೆಯಲಿಲ್ಲ. ನೀರಿನ ಟ್ಯಾಂಕರಿನವನು ಗೇಟಿನಲ್ಲಿ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಪುಟಾಣಿ ಮೊದಲು ನನ್ನ ಹತ್ತಿರವೇ ಬಂದಿದ್ದಳು. ಎಲ್ಲರೂ ತಲೆ ಬಗ್ಗಿಸಿದ್ದರಿಂದ ಯಾರೂ ನೋಡಲಿಲ್ಲ. ಬಂದು ಕಾಣದ ಕಣ್ಣಿನ ಬದಿಯನ್ನು ನನ್ನ ಪಾದಕ್ಕೆ ಒರಗಿಸಿ ನಿಂತಳು. ಕಿಟಕಿಯಿಲ್ಲದ ಕೋಣೆ ನೆನಪಾಗಿ ನಾನು ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡೆ. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಆ ಕಡೆ ಹೋದಳು. ಶಹಾಪುರದಲ್ಲಿ ನಿನ್ನನ್ನು ಬಿಟ್ಟ ದಿನ ನೀನು ನನ್ನ ಅಂಗಿಯ ಚುಂಗು ಹಿಡಿದಿದ್ದೆ, ನಿನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ನಾನೇ. ಒಂದು ವಾರದಿಂದ ನನಗೆ ಅನ್ನ ಸೇರುತ್ತಿಲ್ಲ. ಪುಟಾಣಿಗೆ ಏನು ಬೇಕಿತ್ತು ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಸಹಿ ಮಾಡಿಲ್ಲ, ನೀನು ಹೇಳುವವರೆಗೆ ಮಾಡುವುದೂ ಇಲ್ಲ. ಮಾವ ನನ್ನನ್ನು ಕೇಳಿದರು, ಸಹಿ ಮಾಡಲೇ ಎಂದು ನಾನು ಮೇಡಂ ಹತ್ತಿರ ಕೇಳಿದೆ, ನಿನ್ನನ್ನು ಯಾರೂ ಕೇಳಲಿಲ್ಲ. ಒಂಬತ್ತಕ್ಕೆ ಕಚೇರಿಯ ಬೆಂಚಿನ ಒಂದು ತುದಿಯಲ್ಲಿ ಅತ್ತೆ ಇರುತ್ತಾಳೆ, ಇನ್ನೊಂದು ತುದಿಯಲ್ಲಿ ನಾನು. ನೀನು ಎಲ್ಲಿ ಕೂತರೂ ಅದೇ ಸರಿ. ಅವಳ ಪಕ್ಕ ಕೂತರೆ ಅಲ್ಲೇ ಸಹಿ ಮಾಡುತ್ತೇನೆ, ಪೆನ್ನು ನಾನೇ ತರುತ್ತೇನೆ. ನನ್ನ ಪಕ್ಕ ಕೂತರೆ ಕಿಟಕಿ ಇರುವ ಕೋಣೆ ಹುಡುಕುವುದು ನನ್ನ ಕೆಲಸ, ನೀನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ಈ ಸಲ ಕಾಲು ಹಿಂದಕ್ಕೆ ತೆಗೆಯುವುದಿಲ್ಲ. ಕರೆಯುವುದೂ ಇಲ್ಲ. ನೀನು ಬಾಗಿಲಿನಿಂದ ಬರುವಾಗ ನಾನು ತಲೆ ಬಗ್ಗಿಸಿ ಕೂತಿರುತ್ತೇನೆ, ಅಪ್ಪನಿಗೆ ಸಿಟ್ಟು ಬಂದಿದೆ ಎಂದುಕೊಳ್ಳಬೇಡ.