ಹಂಡೆಯ ಉರಿ ಆರಿಸಿದ್ದು

೮ ನವೆಂಬರ್ ೧೯೮೮, ಮಂಗಳವಾರ. ಕುಂದಗೋಳ, ಮಾವನ ಮನೆ.

ಈ ನರಕ ಚತುರ್ದಶಿಯ ನಸುಕಿನಲ್ಲಿ, ಅತ್ತೆಯವರು ಹೂವೇರಿಸಿ ಆಗಷ್ಟೇ ಉರಿ ಹಚ್ಚಿದ್ದ ಬಚ್ಚಲ ಹಂಡೆಯ ಕೆಳಗೆ ಎರಡು ತಂಬಿಗೆ ನೀರು ಸುರಿದ ಪಾತಕಿ ನಾನೇ ಎಂದು ದೇವರ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ. ಪಶ್ಚಾತ್ತಾಪ ಮಾತ್ರ ಎಳ್ಳಷ್ಟೂ ಇಲ್ಲ.

ಷಡ್ಡಕ ಪ್ರಭಂಜನ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಹಡಗಿನ ಇಂಜಿನಿಯರು. ಈ ಬೇಸಿಗೆಯಲ್ಲಿ ಹೆಂಡತಿ ಮಕ್ಕಳನ್ನು ಹಡಗು ಹತ್ತಿಸಿ, ನಾರ್ವೆಯ ಹಿಮದ ಗುಡ್ಡಗಳ ನಡುವೆ ಸುತ್ತಾಡಿಸಿ ತಂದಿದ್ದಾನೆ. ನಿನ್ನೆ ಫೋಟೋ ತೋರಿಸುತ್ತ ನನ್ನ ಮಕ್ಕಳ ಮುಂದೆಯೇ ಕೇಳಿದ: "ನೀವು ಹುಡುಗರ್ನ ಎಲ್ಲೆ ಕರಕೊಂಡ ಹೋಗಿದ್ರಿ, ಮಾಸ್ತರ್ರ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಅಂದಳು: "ಯಮನೂರ ಜಾತ್ರಿಗೆ ಹೋಗಿದ್ವಿ ಕಾಕಾ. ಬಸ್ಸಿನ್ಯಾಗ ಅಪ್ಪಾಗ ವಾಂತಿ ಆತು."

ಅವನು ನಕ್ಕ. ನನ್ನ ಮಕ್ಕಳೂ ನಕ್ಕರು. ಅದನ್ನು ಕ್ಷಮಿಸಲಾರೆ. "ಥಂಡಿ ನಮಗೇನ ಹೊಸದಲ್ಲ ಬಿಡ್ರಿ" ಎಂದು ಬೇರೆ ಅಂದ. ಹಾಗಾದರೆ ತಗೋ ಮಗನೇ, ತಣ್ಣೀರು! ಅದೇ ಮಕ್ಕಳ ಮುಂದೆ ಅವನು ಚೀರಬೇಕು.

ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ನನಗೆ ಹಬ್ಬದ ಪದ್ಧತಿಯೊಂದು ನೆನಪಾಗಲಿಲ್ಲ. ಎಣ್ಣೆ ಹಚ್ಚಿದ ಮೇಲೆ ಅತ್ತೆಯವರು ಅಂದರು: "ದೊಡ್ಡ ಅಳಿಯಂದ್ರು ಮೊದಲ ಎರಕೋಬೇಕ್ರಿ. ಏಳ್ರಿ."

ನಾನು ಚೀರಿದ್ದು ಓಣಿಗೆಲ್ಲ ಕೇಳಿತಂತೆ. ಪ್ರಭಂಜನ ಓಡಿ ಬಂದ. ಒದ್ದೆಯಾದ ಕಟ್ಟಿಗೆ ನೋಡಿದ, ನನ್ನ ಮುಖ ನೋಡಿದ. ಯಾರಿಗೂ ಏನೂ ಹೇಳದೆ ತನ್ನ ನಾರ್ವೆಯ ಸ್ವೆಟರ್ ತಂದು ಕೊಟ್ಟ. ಎಸೆಯಬೇಕಿತ್ತು. ಈಗಲೂ ಅದನ್ನೇ ತೊಟ್ಟು ಬರೆಯುತ್ತಿದ್ದೇನೆ. ಅಗದಿ ಬೆಚ್ಚಗಿದೆ, ಹಾಳಾದ್ದು.

ಇನ್ನೊಂದು. ಊಟಕ್ಕೆ ಕೂತಾಗ ನಾನೇ ಅವನಿಗೆ ಮೆಲ್ಲಗೆ ಕೇಳಿದೆ, ಮುಂದಿನ ಬೇಸಿಗೆಗೆ ಆ ಹಡಗಿನಲ್ಲಿ ನಮಗೂ ಎಲ್ಲಾದರೂ ಒಂದಿಷ್ಟು ಜಾಗ...