ಪಾಸಿಂಗಿಗೊಂದು ಹೊಗೆ, ರಸ್ತೆಗೊಂದು ಹೊಗೆ

ಮಾನ್ಯ ಸಾರಿಗೆ ಅಧಿಕಾರಿಗಳೇ,

ಒಂದು ಮಾತನ್ನು ಈ ಪತ್ರದಿಂದ ಬಿಟ್ಟೇಬಿಡುವವಳಿದ್ದೆ. ನಾನು ದೂರುತ್ತಿರುವ ಡೀಸೆಲ್ ಪಿಕಪ್ ಪರರದಲ್ಲ, ನನ್ನ ಮೈದುನ ಲಕ್ಷ್ಮೀಕಾಂತನದು. ಅದನ್ನು ಮುಚ್ಚಿಟ್ಟು ತಮಗೆ ಪ್ರಾಮಾಣಿಕತೆಯ ಪಾಠ ಹೇಳಿದ್ದರೆ ನನಗೂ ತಮಗೂ ಏನು ಅಂತರ ಉಳಿಯುತ್ತಿತ್ತು?

ವಿಷಯ ತಮಗೆ ಹೊಸದಲ್ಲ. ಇಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕೆಂಬುದನ್ನು ಪಂಪಿನ ಒಂದು ಸ್ಕ್ರೂ ನಿರ್ಧರಿಸುತ್ತದೆ. ಯಾರೂ ಮುಟ್ಟದಿರಲೆಂದು ಕಂಪನಿ ಅದಕ್ಕೆ ಸೀಸದ ಮುದ್ರೆ ಹಾಕಿರುತ್ತದೆ. ಮುದ್ರೆ ಒಡೆದು ಸ್ಕ್ರೂ ತಿರುಗಿಸಿದರೆ ಗಾಡಿಗೆ ಜೋರು, ಜನಕ್ಕೆ ಕರಿಹೊಗೆ. ವರ್ಷಕ್ಕೊಮ್ಮೆ ತಾವು ಗಾಡಿ ಪರೀಕ್ಷಿಸುವ ಪಾಸಿಂಗ್ ದಿನ ತಮ್ಮ ಗೇಟಿನೆದುರಿನ ಬೇವಿನ ಮರದ ಕೆಳಗೆ ಮಲಕಾಜಪ್ಪ ಮೇಸ್ತ್ರಿ ಅದನ್ನು ಹಿಂದಕ್ಕೆ ತಿರುಗಿಸುತ್ತಾನೆ. ತಾವು ಹೊಗೆ ಅಳೆದು ಮೆಚ್ಚುತ್ತೀರಿ. ಗಾಡಿ ಹೊರಬಂದೊಡನೆ ಅದೇ ಮರದ ಕೆಳಗೆ ಸ್ಕ್ರೂ ಮತ್ತೆ ಮುಂದಕ್ಕೆ. ತಮ್ಮ ಕಿಟಕಿಯಿಂದ ಆ ಮರ ಕಾಣುವುದಿಲ್ಲವೇ? ಒಡೆದ ಮುದ್ರೆಯೂ ಕಾಣುವುದಿಲ್ಲವೇ? ಕಾಣದಿರುವುದಕ್ಕೂ ಇಲಾಖೆಯಲ್ಲಿ ತರಬೇತಿ ಇದೆಯೇ?

ಲಕ್ಷ್ಮೀಕಾಂತನ ಮಗಳು ಛಾಯಾ ನಾಗಣಸೂರಿನಿಂದ ಅಕ್ಕಲಕೋಟೆಯ ಶಾಲೆಗೆ ಬರುವುದು ಅದೇ ಪಿಕಪ್ಪಿನ ಹಿಂಭಾಗದಲ್ಲಿ, ಸೊಲ್ಲಾಪುರದ ಸಂತೆಗೆ ಹೋಗುವ ಕುರಿಗಳ ನಡುವೆ. ಅವಳಿಗೆ ಉಬ್ಬಸ. ನಮ್ಮ ಮನೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತ ಮೇಲೆಯೇ ಅವಳ ಬಾಯಿಂದ ಮಾತು ಹೊರಡುವುದು. ಈ ವರ್ಷ ಪಾಸಿಂಗ್ ದಿನ ಮೇಸ್ತ್ರಿ ಬಿರೋಬಾ ದೇವರ ಪೂಜೆಗೆಂದು ಅವಸರದಲ್ಲಿ ಊರಿಗೆ ಹೋದ. ಸ್ಕ್ರೂ ಹಿಂದಕ್ಕೆ ತಿರುಗಿದಂತೆಯೇ ಉಳಿಯಿತು.

"ಗಾಡಿ ಮುದುಕಿ ಆಗ್ಯದ ವೈನೀ," ಎಂದು ಲಕ್ಷ್ಮೀಕಾಂತ ಗೊಣಗಿದ. "ಏರು ಬಂತಂದ್ರ ಕುರೀನ ಇಳದು ನೂಕತಾವು."

ಆ ದಿನಗಳಲ್ಲಿ ಛಾಯಾ ಬಂದವಳೇ, "ದೊಡ್ಡವ್ವ, ಚಹಾ ಆತೇನ?" ಎಂದು ಒಳನಡೆಯುತ್ತಿದ್ದಳು. ಅವಳ ತಾಯಿ ದೇವರ ಭಂಡಾರದ ಅರಿಶಿನದ ಗುಣವೆಂದಳು, ನಾನು ಡಾಕ್ಟರರ ಔಷಧಿಯ ಗುಣವೆಂದೆ. ಮೇಸ್ತ್ರಿ ಮರಳಿ ಬಂದ, ಹೊಗೆಯೂ ಉಬ್ಬಸವೂ ಮರಳಿ ಬಂದವು. ಇಬ್ಬರೂ ತಪ್ಪಿದ್ದೆವೆಂದು ಆಗ ತಿಳಿಯಿತು.

ಸ್ಕ್ರೂ ಹಿಂದಕ್ಕೆ ತಿರುಗಿಸೆಂದು ಮೈದುನನನ್ನು ಬೇಡಿಕೊಂಡೆ.

"ನಾ ಒಬ್ಬಾವ ತಿರಗಿಸಿದ್ರ ಎಲ್ಲಾರೂ ನನ್ನ ದಾಟಿ ಹೋಗ್ತಾರ, ಸಂತಿ ಮುಗದ ಮ್ಯಾಲ ನಾ ಮುಟ್ಟಬೇಕು. ಸಾಹೇಬ್ರು ಎಲ್ಲಾರ ಗಾಡಿ ಹಿಡೀಲಿ, ನಾನೂ ತಿರಗಿಸ್ತೀನಿ."

"ಹಂಗಾರ ಛಾಯಾ?"

"ದೀಪಾವಳಿ ಸೂಟಿ ಆದಮ್ಯಾಲ ಸಾಲಿ ಬಿಡಸ್ತೀನಿ. ಏಳನೇತ್ತಾ ಆಗ್ಯದಲ್ಲ, ಸಾಕ."

ನನ್ನ ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ ಎನ್ನುವಿರಿ. ಕೇಳಿದೆ, ತಾಯಿ ಒಪ್ಪಲಿಲ್ಲ. ನಾನು ಇನ್ನಷ್ಟು ಹಟ ಹಿಡಿಯಬೇಕಿತ್ತೇನೋ. ಆದರೆ ಒಂದು ಸ್ಕ್ರೂ ತಿರುಗಿಸುವುದಕ್ಕಿಂತ ಒಬ್ಬ ಹುಡುಗಿಯ ಶಾಲೆ ಬಿಡಿಸುವುದು ಸುಲಭವಾಗಿರುವುದನ್ನು ನೆನೆದರೆ ಹೇಸಿಗೆಯಾಗುತ್ತದೆ. ಮೈದುನನ ಮೇಲೆ ಹೇಸಿಗೆ, ತಮ್ಮ ಮೇಲೆ ಇನ್ನೂ ಹೆಚ್ಚು. ಅವನು ಸುಳ್ಳಿಗೆ ಸರಕಾರದ ಠಸ್ಸೆ ಒತ್ತಲಿಲ್ಲ.

ಹೊಗೆಯನ್ನು ಗೇಟಿನೊಳಗೆ ಅಳೆಯುವುದನ್ನು ಬಿಡಿ. ದೀಪಾವಳಿ ರಜೆ ಮುಗಿದು ಶಾಲೆ ತೆರೆಯುವ ಮುನ್ನ ಅಕ್ಕಲಕೋಟೆ ರಸ್ತೆಯ ಏರಿಗೆ ಬನ್ನಿ, ತುಂಬಿದ ಗಾಡಿಗಳನ್ನು ನಿಲ್ಲಿಸಿ, ಮುದ್ರೆ ನೋಡಿ. ಮೊದಲು ಲಕ್ಷ್ಮೀಕಾಂತನದನ್ನೇ ಹಿಡಿಯಿರಿ. ಆದರೆ ಅವನದೊಂದನ್ನೇ ಹಿಡಿದು ಪತ್ರಿಕೆಗೆ ಫೋಟೋ ಕೊಡಬೇಡಿ. ಮಹಾರಾಷ್ಟ್ರದ ಅಧಿಕಾರಿಗಳಾದ ತಮಗೆ ಕನ್ನಡ ಓದಲು ಬಾರದಿದ್ದರೆ ಮಲಕಾಜಪ್ಪನಿಂದ ಓದಿಸಿಕೊಳ್ಳಿ. ಅವನು ದೂರದಲ್ಲೇನೂ ಇರುವುದಿಲ್ಲ.

ಇಂತಿ,
ಮೈದುನನ ಮನೆಗೆ ಹಬ್ಬದ ಕರೆಯ ಆಸೆ ಬಿಟ್ಟಿರುವ
ಕೇತಕಿ, ಅಕ್ಕಲಕೋಟೆ

ಭಾನುವಾರ ಇದನ್ನು ಲಕ್ಷ್ಮೀಕಾಂತನಿಗೆ ಓದಿ ಹೇಳುತ್ತೇನೆ. ಅವನು ಏನೇ ಅಂದರೂ ಅಂಚೆಗೆ ಹಾಕುವುದು ಸೋಮವಾರ, ನವೆಂಬರ್ ೪, ೧೯೯೬.