ಗಾಡಿ ನಿನ್ನ ಹೆಸರಲ್ಲಿದೆ, ವತ್ಸಲಾ

ಜುರಾಂಗ್ ವೆಸ್ಟ್, ಸಿಂಗಪುರ
ಮಂಗಳವಾರ, ಮೇ ೧೯, ಮಧ್ಯಾಹ್ನ

ಪ್ರೀತಿಯ ವತ್ಸೀ,

ಹೇಗಿದೀಯ? ಕಿವಿ ಹೇಗಿದೆ? ಎಡಗಿವಿ ವಿಷಯ ಕೇಳ್ತಿರೋದು ನಾನು. ಪೂರ್ತಿ ಹೋಯ್ತಾ, ಇನ್ನೂ ಸ್ವಲ್ಪ ಕೇಳಿಸತ್ತಾ? ಕ್ಯಾನ್‌ಬೆರಾದಲ್ಲಿ ಆಗಲೇ ಬೆಳಿಗ್ಗೆ ಹೊತ್ತು ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗ್ತಿದೆಯಂತೆ, ಆ ಮುರಿದು ಕೂಡಿದ ಮಣಿಕಟ್ಟು ಚಳಿಗೆ ನೋಯತ್ತಾ? ಫೋನಲ್ಲಿ ಕೇಳಿದ್ರೆ ನೀನು 'ಚೆನ್ನಾಗಿದೀನಕ್ಕ, ಊಟ ಆಯ್ತಕ್ಕ' ಅಂತ ಗಿಣಿಪಾಠ ಒಪ್ಪಿಸ್ತೀಯ. ಫೋನ್ ಸ್ಪೀಕರಲ್ಲಿರತ್ತೆ, ಪಕ್ಕದಲ್ಲಿ ನಿನ್ನ ಗಂಡ ಕೂತಿರ್ತಾನೆ ಅಂತ ತಿಳಿಯೋಕೆ ನನಗೆ ಎರಡು ವರ್ಷ ಬೇಕಾಯ್ತು ನೋಡು. ಐವತ್ತೆಂಟಾದ್ರೂ ನಿನ್ನ ಅಕ್ಕ ಹೆಡ್ಡಿ ಕಣೇ, ಶುದ್ಧ ಹೆಡ್ಡಿ.

ಅದಕ್ಕೇ ಈ ಕಾಗದ. ನಿನ್ನ ಫೋನು, ಈಮೇಲು ಎಲ್ಲಾ ಅವನೇ ನೋಡ್ತಾನೆ, ಕಾಗದಕ್ಕೆ ಪಾಸ್‌ವರ್ಡ್ ಬೇಡವಲ್ಲ. ತಂದುಕೊಡೋಳು ತನ್ಮಯಿ, ನಮ್ಮ ಬ್ಲಾಕಿನ ಒಂಬತ್ತನೇ ಮಹಡಿ ಅಶ್ವತ್ಥನಾರಾಯಣರ ಮಗಳು, ನಿಮ್ಮೂರಲ್ಲೇ ಓದ್ತಿದಾಳೆ, ಇವತ್ತು ವಾಪಸ್ ಹೊರಟಿದಾಳೆ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಮಾತಾಡ್ತಾಳೆ, ಓದೋಕೆ ಬರಲ್ಲ, ಹಾಗಾಗಿ ನಾನು ಏನು ಬೇಕಾದ್ರೂ ಬರೀಬಹುದು. ನಿನ್ನ ಕೈಗೇ ಕೊಡಬೇಕು ಕಣಮ್ಮಾ ಅಂದಿದ್ದಕ್ಕೆ 'ಕ್ಯಾನ್ ಲಾ ಆಂಟಿ, ನಂಗೇನೂ ಟ್ರಬಲ್ ಇಲ್ಲ' ಅಂದ್ಲು. ಕಾರಣ ಕೇಳಲಿಲ್ಲ. ನನ್ನ ಮುಖ ನೋಡಿದ್ರೆ ಯಾರಿಗೂ ಕಾರಣ ಕೇಳಬೇಕು ಅನ್ನಿಸಲ್ಲ ಬಿಡು.

ನನ್ನ ಕ್ಷೇಮಸಮಾಚಾರ ಕೇಳು. ಮೇಲ್ತುಟಿಗೆ ಮೂರು ಹೊಲಿಗೆ. ಮುಂದಿನ ಹಲ್ಲೊಂದು ಹೋಗಿದೆ. ಎಡಗಣ್ಣು ಅರ್ಧ ತೆರೆಯತ್ತೆ. ಇದನ್ನ ಮಾಡಿದ್ದು ನಿನ್ನ ಗಂಡ ವಿಶ್ವಜಿತ್, ಭಾನುವಾರ ಮಧ್ಯಾಹ್ನ, ನಮ್ಮನೆ ಅಡುಗೆಮನೆಯಲ್ಲಿ. ಆದ್ರೆ ಮೊದಲು ಹೊಡೆದವಳು ನಾನು. ಅವನ ಬಲಗೈ ಮಣಿಕಟ್ಟು, ಎರಡು ಬೆರಳು ಮುರಿದಿದೀನಿ. ಅವನು ನಿನಗೆ 'ಅಕ್ಕನ ಮನೇಲಿ ಜಾರಿಬಿದ್ದೆ' ಅಂತ ಹೇಳಿರ್ತಾನೆ. ಜಾರಿಲ್ಲ.

ಮೊದಲಿಂದ ಹೇಳ್ತೀನಿ. ಬೆಂಗಳೂರಿಂದ ವಾಪಸ್ ಬರ್ತಾ ಎರಡು ದಿನ ಇಲ್ಲಿ ಇಳೀತೀನಿ ಅಂದಿದ್ನಲ್ಲ, ಶನಿವಾರ ಬಂದ. ಮನೆಗೆ ಬಂದ ಅಳಿಯ ಅಂತ ಹೀರೇಕಾಯಿ ಬಜ್ಜಿ ಏನು, ಶಾವಿಗೆ ಪಾಯಸ ಏನು, ಕುಣಿದಾಡ್ಕೊಂಡು ಮಾಡಿ ಬಡಿಸಿದೆ. ಭಾನುವಾರ ತಿಂಡಿ ಆದ್ಮೇಲೆ ಊಟದ ಟೇಬಲ್ ಮೇಲೆ ಆಸ್ಟ್ರೇಲಿಯಾ ನಕ್ಷೆ ಹರವಿದ. ನಿಮ್ಮ ಮೋಟರ್‌ಹೋಮ್ ಫೋಟೋ ತೋರಿಸಿದ. ಒಳಗೇ ಮಂಚ, ಒಲೆ, ಸಿಂಕು, ಬಚ್ಚಲು, ಎಲ್ಲಾ ನಮ್ಮನೆ ಸ್ಟೋರ್‌ರೂಮಷ್ಟು ಜಾಗದಲ್ಲಿ. ನಾನೂ ಮೊದಲು ಬಾಯಿಬಿಟ್ಕೊಂಡು ನೋಡಿದೆ ಕಣೇ, ಪಾಪ ಇಪ್ಪತ್ತು ವರ್ಷ ಆ ಚಳಿಯಲ್ಲಿ ನಡುಗಿದಾಳೆ, ಈ ಸಲ ಜೂನ್, ಜುಲೈ, ಆಗಸ್ಟು ಉತ್ತರದ ಬಿಸಿಲಲ್ಲಿ ಕೂರ್ತಾಳೆ ಅಂತ. ನಿನಗೆ ಕಾಟನ್ ಸೀರೆ ಕೊಡಲಾ, ನೈಟಿ ಕೊಡಲಾ ಅಂತ ಬೇರೆ ಕೇಳ್ದೆ.

ಆಮೇಲೆ ನಕ್ಷೆ ಮೇಲೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ ಜಾಗಗಳನ್ನ ತೋರಿಸಿದ. ಇಲ್ಲಿ ಹನ್ನೆರಡು ದಿನ, ಇಲ್ಲಿ ಒಂಬತ್ತು ದಿನ, ಇಲ್ಲಿ ಹದಿನೈದು. ಊರಿದೆಯಾ ಅಂದ್ರೆ ಇಲ್ಲ. ಅಂಗಡಿ? ಇಲ್ಲ. ಫೋನ್ ಸಿಗ್ನಲ್? ಅದಿಲ್ಲ ಅಂತಾನೇ ಆರಿಸಿರೋದು ಅಕ್ಕಾ ಅಂದ. ನಿನ್ನ ಫೋನ್ ಮನೇಲೇ ಬಿಟ್ಟು ಹೋಗೋದಂತೆ, ಒಂದು ಮನೆಗೆ ಒಂದು ಫೋನ್ ಸಾಕಂತೆ. ಶಿಶುವಿಹಾರದ ಕೆಲಸಕ್ಕೆ ರಾಜೀನಾಮೆ ಕೊಡ್ಸಿದೀನಿ, ವಾಪಸ್ ಬಂದ್ಮೇಲೂ ಬೇಡ ಅಂದ. ವತ್ಸೀ, ಇದು ಬಿಸಿಲು ಕಾಯೋ ಪ್ರವಾಸ ಅಲ್ಲ ಅಂತ ನನಗೆ ಆಗಲೇ ಗೊತ್ತಾಯ್ತು. ಆದ್ರೂ ಸುಮ್ನೆ ಅಡುಗೆಮನೆ ಕಡೆ ಹೋಗಿ ಸಾರಿಗೆ ಮೆಣಸು ಕುಟ್ಟೋಕೆ ಶುರು ಮಾಡ್ದೆ. ಇನ್ನೊಬ್ಬರ ಸಂಸಾರದಲ್ಲಿ ಬಾಯಿ ಹಾಕಬಾರದು ಅನ್ನೋ ಶನಿ ಬುದ್ಧಿ ಇನ್ನೂ ಬಿಟ್ಟಿರಲಿಲ್ಲ ನನ್ನನ್ನ.

ಅವನು ಕೂತಲ್ಲಿಂದಲೇ ಈಸ್ಟರ್ ರಜೆಯ ಕಥೆ ಹೇಳ್ದ. ಗಾಡಿ ಹೇಗಿದೆ ನೋಡೋಣ ಅಂತ ಎರಡು ದಿನ ಬೆಟ್ಟದ ಕಡೆ ಹೋಗಿದ್ರಂತಲ್ಲ. ನೀನು ಅವನಿಗೆ ಏನೋ ಎದುರುತ್ತರ ಕೊಟ್ಟೆಯಂತೆ. ಕೂದಲು ಹಿಡಿದು ಆಚೆ ನೂಕಿ ಬಾಗಿಲಿಗೆ ಚಿಲಕ ಹಾಕ್ದೆ ಅಕ್ಕಾ ಅಂದ. ಸ್ವೆಟರ್ ಇರಲಿಲ್ಲ, ಕಾಲಿಗೆ ಚಪ್ಪಲಿ ಇರಲಿಲ್ಲ. ಎರಡು ಗಂಟೆ ಬಾಗಿಲು ಬಡಿದ್ಲು, ಆಮೇಲೆ ಬಡಿಯೋದೂ ನಿಲ್ಲಿಸಿದ್ಲು, ತೆಗೆದು ನೋಡಿದ್ರೆ ಚಕ್ರದ ಪಕ್ಕ ಮುದುರಿ ಬಿದ್ದಿದ್ಲು, ತುಟಿ ನೀಲಿ. ಹೇಳ್ತಾ ನಗ್ತಿದ್ದ. 'ಮೂರು ತಿಂಗಳು ನಾವಿಬ್ರೇ ಇದ್ರೆ ಪೂರ್ತಿ ಸರಿ ಹೋಗ್ತಾಳೆ ಬಿಡಿ, ಕಿರುಚಿದ್ರೂ ಅಲ್ಲಿ ಕೇಳೋರಿಲ್ಲ' ಅಂದ. ಪಾಯಸ ಇನ್ನೂ ಇದೆಯಾ ಅಂತ ಕೇಳೋ ಥರದ ದನಿಯಲ್ಲಿ.

ಇದನ್ನೆಲ್ಲ ನನ್ನ ಮುಂದೆ ಹೇಳೋಕೆ ಅವನಿಗೆ ಧೈರ್ಯ ಹೇಗೆ ಬಂತು ಅಂತ ಯೋಚಿಸ್ತೀಯೇನೋ. ನಾನೇ ಕೊಟ್ಟಿದ್ದು ಕಣೇ. ಎರಡು ವರ್ಷದ ಹಿಂದೆ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸ್ಕೊಂಡು, ಒಂದೇ ಬ್ಯಾಗು ಹಿಡ್ಕೊಂಡು ಈ ಮನೆಗೆ ಬಂದೆ ನೀನು. ಹತ್ತೊಂಬತ್ತು ದಿನ ಇದ್ದೆ. ಅವನು ಬಂದು ನಾಗೇಶ ಭಾವನ ಕಾಲು ಹಿಡಿದು ಅತ್ತ. ನಿಮ್ಮ ಭಾವನಿಗೆ ಯಾರು ಅತ್ತರೂ ಕರಗತ್ತೆ, ಅದು ಬೇರೆ ಮಾತು, ನನಗೇನಾಗಿತ್ತು? ಹೊರಡೋ ದಿನ ನಿನಗೆ ಮಡಿಲಕ್ಕಿ ತುಂಬಿದೆ. ಅಮ್ಮ ಇಲ್ಲ, ಅಕ್ಕನೇ ತವರು, ಬರೀ ಮಡಿಲಲ್ಲಿ ಗಂಡನ ಜೊತೆ ಕಳಿಸಬಾರದು ಅಂತ ಒಂಬತ್ತನೇ ಮಹಡಿ ಸೀತಾನ್ನ, ಇನ್ನೂ ಮೂರು ಜನ ಮುತ್ತೈದೆಯರನ್ನ ಕರೆದೆ. ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿನದ ಕೊಂಬು. ನಿನಗೆ ಸೆರಗು ಹಿಡಿಯೋಕೆ ಒಂದು ಕೈ ಇರಲಿಲ್ಲ, ಇನ್ನೊಂದು ತುದಿ ನಾನೇ ಹಿಡ್ಕೊಂಡೆ. ಕೈಗೇನಾಯ್ತಮ್ಮಾ ಅಂತ ಅವರು ಕೇಳಿದ್ದಕ್ಕೆ ಬಾತ್‌ರೂಮಲ್ಲಿ ಬಿದ್ಲು ಅಂತ ಹೇಳಿದ್ದು ನೀನಲ್ಲ, ನಾನು. ನೀನು ನನ್ನ ಮುಖ ನೋಡಿದೆ, ನಾನು ನಿನ್ನ ಹಣೆಗೆ ಕುಂಕುಮ ಇಟ್ಟೆ. ಅವನು ಅಲ್ಲೇ ಸೋಫಾದಲ್ಲಿ ಕೂತು ಎಲ್ಲಾ ನೋಡ್ತಿದ್ದ. ಅವತ್ತೇ ಅವನಿಗೆ ಗೊತ್ತಾಯ್ತು, ಈ ಮನೆ ತನ್ನ ಕಡೆ ಅಂತ.

ಆ ನಗು ಕೇಳಿ ನಾನು ಕುಟ್ಟಾಣಿ ಹಿಡ್ಕೊಂಡೇ ಆಚೆ ಬಂದೆ. ಕಲ್ಲಿನ ಕುಟ್ಟಾಣಿ ಕಣೇ, ಒಂದೂವರೆ ಕೇಜಿ ಇದೆ. ಅವನ ಬಲಗೈ ನಕ್ಷೆ ಮೇಲೆ ಚಪ್ಪಟೆ ಬಿದ್ದಿತ್ತು. ಎರಡೂ ಕೈಯಲ್ಲಿ ಎತ್ತಿ ಅದರ ಮೇಲೇ ಹಾಕಿದೆ. ಮೂಳೆ ಲಟ್ ಅಂತು. ಅವನಿಗೆ ಕಿರುಚೋಕೂ ಆಗಲಿಲ್ಲ, ಬಾಯಿ ತೆಗೆದು ನನ್ನನ್ನೇ ನೋಡಿದ. ಇನ್ನೊಂದು ಹಾಕಿದೆ. ಅವನು ಕೈ ಎದೆಗೆ ಒತ್ತಿಕೊಂಡು ನೆಲಕ್ಕೆ ಕುಸಿದಾಗ ಭುಜಕ್ಕೆ ಮೂರನೇದು ಹಾಕಿದೆ. ಬೇಡವಾಗಿತ್ತು, ಆಗ ಅವನು ಬಿದ್ದಾಗಿತ್ತು. ಹಾಕಿದೆ. ಸುಳ್ಳು ಯಾಕೆ, ಆ ಮೂರನೇ ಏಟಿಗೆ ನನಗೆ ಖುಷಿಯಾಯ್ತು. ಇಷ್ಟು ವರ್ಷ ಪೂಜೆ ಪುನಸ್ಕಾರ ಮಾಡ್ಕೊಂಡು ಬಂದ ಹೆಂಗಸು ನಾನು, ನನ್ನೊಳಗೆ ಇಂಥದೊಂದು ಇತ್ತು ಅಂತ ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವನು ಎದ್ದ. ಎಡಗೈಯಲ್ಲೇ ನನ್ನ ಜಡೆ ಹಿಡಿದು ಅಡುಗೆಮನೆಗೆ ಎಳ್ಕೊಂಡು ಹೋಗಿ ಮುಖಾನ ಫ್ರಿಜ್ ಹಿಡಿಗೆ ಅಪ್ಪಳಿಸಿದ. ಎರಡು ಸಲ. ಎರಡನೇ ಸಲಕ್ಕೆ ಹಲ್ಲು ಬಾಯೊಳಗೆ ಉದುರಿತು. ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಆಗ ಮೊದಲು ನೆನಪಾಗಿದ್ದು ನೀನು. ಇದನ್ನ ನನ್ನ ತಂಗಿ ಎಷ್ಟು ಸಲ ತಿಂದಿದಾಳೋ ಅಂತ. ನಿಮ್ಮ ಭಾವ ಬಚ್ಚಲುಮನೆಯಿಂದ ಟವೆಲಲ್ಲೇ ಓಡಿಬಂದು ಮಧ್ಯೆ ನುಗ್ಗಿ, ಹೊಟ್ಟೆಗೆ ಒದೆಸ್ಕೊಂಡು, ಅಂತೂ ಅವನನ್ನ ಬಾಲ್ಕನಿಗೆ ತಳ್ಳಿ ಬಾಗಿಲು ಹಾಕಿದ್ರು. ನೆಲದ ಮೇಲೆಲ್ಲ ಮೆಣಸು, ರಕ್ತ.

ಪೊಲೀಸರನ್ನ ಕರೆದಿದ್ದು ಕೆಳಗಿನ ಮನೆಯವರು. ಬಂದವರಲ್ಲೊಬ್ಬಳು ಚಿಕ್ಕ ಹುಡುಗಿ, ಬಾಯಿಗೆ ಒತ್ತಿಕೊಳ್ಳೋಕೆ ಟಿಶ್ಯೂ ಕೊಟ್ಲು, ಆಂಟಿ ಆಂಟಿ ಅಂತಲೇ ನನ್ನನ್ನ ಕರ್ಕೊಂಡು ಹೋದ್ಲು. ಕುಟ್ಟಾಣಿಯನ್ನ ಪ್ಲಾಸ್ಟಿಕ್ ಕವರಿಗೆ ಹಾಕ್ಕೊಂಡ್ರು. ಸೋಮವಾರ ಜಾಮೀನ ಮೇಲೆ ಬಿಟ್ಟಿದಾರೆ, ಪಾಸ್‌ಪೋರ್ಟ್ ಅವರ ಹತ್ರ ಇದೆ, ಮುಂದೆ ಕೋರ್ಟು. ಮಹಡಿ ಇಳಿದ್ರೆ ವಾಯ್ಡ್ ಡೆಕ್ಕಲ್ಲಿ, ಬ್ಲಾಕಿನ ಕೆಳಗಿನ ಆ ಖಾಲಿ ಹಜಾರದಲ್ಲಿ ಕೂತಿರೋ ಮುದುಕರೆಲ್ಲ ಮಾತು ನಿಲ್ಲಿಸ್ತಾರೆ. ನಿಲ್ಲಿಸ್ಲಿ. ಅವನು ಆಸ್ಪತ್ರೆಯಲ್ಲಿದಾನೆ. ಗುರುವಾರ ಕೈಗೆ ಆಪರೇಷನ್, ಮುಂದಿನ ಮಂಗಳವಾರದವರೆಗೂ ವಿಮಾನ ಹತ್ತೋ ಹಾಗಿಲ್ಲ ಅಂದಿದಾರಂತೆ. ತನ್ಮಯಿ ನಾಳೆ ಸಂಜೆ ನಿನ್ನ ಮನೆ ಬಾಗಿಲಿಗೆ ಬರ್ತಾಳೆ. ಅಂದ್ರೆ ನಿನಗೆ ಆರು ದಿನ ಇದೆ.

ಈಗ ಅಳಬೇಡ, ಕಣ್ಣೊರೆಸ್ಕೊಂಡು ಓದು. ಕುಡಿದು ಓಡಿಸಿ ಲೈಸೆನ್ಸ್ ಕಳ್ಕೊಂಡ ಮಹಾಶಯ ಅವನು, ಅದಕ್ಕೇ ಗಾಡಿ ನಿನ್ನ ಹೆಸರಲ್ಲಿ ರಿಜಿಸ್ಟರ್ ಮಾಡಿಸಿದಾನೆ, ಮೂರು ತಿಂಗಳೂ ನೀನೇ ಡ್ರೈವರು ಅಂತ ಅವನ ಬಾಯಿಂದಲೇ ಕೇಳ್ದೆ. ಗಾಡಿ ನಿನ್ನದು, ಓಡಿಸೋಳು ನೀನು, ಒಳಗೆ ಅಡುಗೆ ಮಾಡೋಳು ನೀನು. ಮತ್ತೆ ಅವನು ಯಾತಕ್ಕೆ ಬೇಕು? ನಿನ್ನ ಜೊತೆ ಕೆಲಸ ಮಾಡ್ತಿದ್ದ ವಿನುತಾ ಈಗ ಉತ್ತರದ ಟೌನ್ಸ್‌ವಿಲ್‌ನಲ್ಲಿದಾಳಲ್ಲ, ನಿನ್ನೆ ನಿಮ್ಮ ಭಾವನ ಫೋನಿಂದ ಅವಳ ಹತ್ರ ಮಾತಾಡ್ದೆ. ಅವಳ ಮನೆ ಹಿತ್ತಿಲಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಇದೆ, ಕರೆಂಟಿದೆ, ನೀರಿದೆ. ಜುಲೈನಲ್ಲೂ ಅಲ್ಲಿ ಫ್ಯಾನ್ ಹಾಕ್ಕೊಂಡು ಮಲಗ್ತಾರಂತೆ. ಅವನು ನಕ್ಷೆಯಲ್ಲಿ ಗುರುತು ಮಾಡಿರೋ ಒಳದಾರಿ ಹಿಡಿಯಬೇಡ. ಕಡಲ ದಂಡೆ ದಾರಿಯಲ್ಲಿ ಹೋಗು, ಊರು ಸಿಗೋ ದಾರಿ. ನಿನ್ನ ಫೋನು ಮನೇಲೇ ಬಿಡು, ತನ್ಮಯಿ ಕೈಲಿ ಹೊಸದು ಕಳಿಸಿದೀನಿ, ಅದರಲ್ಲಿ ವಿನುತಾ ನಂಬರೂ ನಮ್ಮ ನಂಬರೂ ಬಿಟ್ರೆ ಇನ್ಯಾವುದೂ ಇಲ್ಲ. ಪಾಸ್‌ಪೋರ್ಟ್, ಸಿಟಿಜನ್‌ಶಿಪ್ ಕಾಗದ, ಕಿವಿ ಡಾಕ್ಟರ ರಿಪೋರ್ಟು ಎತ್ತಿಕೋ. ಸ್ವೆಟರ್ ಹೊತ್ತುಕೊಂಡು ಹೋಗ್ಬೇಡ. ಕುಕ್ಕರ್ ತಗೋ, ಅಕ್ಕಿ ಬೇಳೆ ತಗೋ. ದಾರಿಯಲ್ಲಿ ಬರೀ ಬ್ರೆಡ್ ತಿನ್ಕೊಂಡು ಹೋದ್ರೆ ಸುಮ್ನಿರಲ್ಲ ನಾನು.

ಅಷ್ಟು ದೊಡ್ಡ ಗಾಡಿ ಒಬ್ಬಳೇ ಹೇಗೆ ಓಡಿಸ್ಲಿ ಅಂತೀಯ. ಆ ಯಮನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬೆಟ್ಟ ಹತ್ತಿಸಿ ಇಳಿಸಿದೀಯ ಕಣೇ, ಒಬ್ಬಳೇ ಓಡಿಸೋದು ಅದಕ್ಕಿಂತ ಕಷ್ಟವಾ? ದಿನಕ್ಕೆ ನಾಲ್ಕು ಗಂಟೆ ಓಡಿಸು, ಜನ ಇರೋ ಕಡೆ ನಿಲ್ಲಿಸು, ಒಳಗಿಂದ ನೀನೇ ಚಿಲಕ ಹಾಕ್ಕೋ.

ನಿನ್ನ ಹತ್ರ ಕ್ಷಮೆ ಕೇಳೋ ಯೋಗ್ಯತೆ ನನಗಿಲ್ಲ, ಆದ್ರೂ ಕೇಳ್ತೀನಿ. ಬಾಗಿಲಿಗೆ ಬಂದಿದ್ದ ತಂಗೀನ ವಾಪಸ್ ಕಳಿಸಿದ ಪಾಪ ನಂದು. ನೂರು ವರ್ಷ ಬಾಳು ವತ್ಸೀ, ನಿನ್ನಿಷ್ಟದಂತೆ ಬಾಳು, ಬೆಚ್ಚಗಿರು. ಭಾವ ನಿನಗೆ ಆಶೀರ್ವಾದ ತಿಳಿಸಿದಾರೆ. ವಿನುತಾಗೆ ನನ್ನ ನೆನಪು ಹೇಳು.

ನಿನ್ನ ಅಕ್ಕ,
ಸುನಂದಾ

ತಾ.ಕ.: ತನ್ಮಯಿ ಬೆಲ್ ಮಾಡ್ತಿದಾಳೆ, ಬೇಗ ಬೇಗ ಬರೀತೀನಿ. ಈಗಷ್ಟೇ ಅವನು ಆಸ್ಪತ್ರೆಯಿಂದ ಭಾವನಿಗೆ ಫೋನ್ ಮಾಡಿದ್ದ. ವತ್ಸಲಾ ಜೂನ್ ಆರಕ್ಕೆ ನನ್ನ ಜೊತೆ ಹೊರಟ್ರೆ, ಸುನಂದಾ ಅಕ್ಕ ನನಗೆ ಹೊಡೆದೇ ಇಲ್ಲ ಅಂತ ಪೊಲೀಸರಿಗೆ ಬರೆದುಕೊಡ್ತೀನಿ, ಇಲ್ಲದಿದ್ರೆ ಜೈಲಿಗೆ ಕಳಿಸ್ತೀನಿ ಅಂದನಂತೆ. ಇದನ್ನೇ ನಿನಗೂ ಹೇಳ್ತಾನೆ. ಭಾವ ಸೋಫಾದಲ್ಲಿ ಕೂತು ಅಳ್ತಿದಾರೆ, ಮೂರೇ ತಿಂಗಳಲ್ವಾ ಸುನಂದಾ, ಅವಳನ್ನ ಒಂದು ಮಾತು ಕೇಳೋಣ ಅಂತ. ಅವರೂ ನಿನಗೆ ಫೋನ್ ಮಾಡಿ ಬೇಡ್ಕೊಂಡಾರು. ಒಳ್ಳೆ ಮನುಷ್ಯ, ಆದ್ರೆ ಈ ವಿಷಯದಲ್ಲಿ ಅವರ ಮಾತು ಕೇಳಬೇಡ. ಹೊಡೆದೆ, ಬೇಕಂತಲೇ ಹೊಡೆದೆ ಅಂತ ನಾನು ಆಗಲೇ ಬರೆದು ಸಹಿ ಹಾಕಿಯಾಯ್ತು. ನನ್ನನ್ನ ಬಿಡಿಸೋಕೆ ಅಂತ ಅವನ ಜೊತೆ ಹೊರಟೆಯೋ, ಸತ್ರೂ ನಿನ್ನ ಮುಖ ನೋಡಲ್ಲ. ಯಾರ ಫೋನೂ ಎತ್ತಬೇಡ ಕಣೇ, ನಮ್ಮದೂ ಎತ್ತಬೇಡ. ಗುರುವಾರ ಬೆಳಿಗ್ಗೇನೇ ಹೊರಡು.